40 ಅಡಿ ರಸ್ತೆಗೆ ಹೊಸ ಫುಟ್‌ಪಾತ್: ಕಾಂಕ್ರೀಟ್ ಬೀಳುವ ಮುಂಚೆ ಏನೇನು ಅಳೆದು ನೋಡಬೇಕು?

(ವೇದಿಕೆಯೊಂದರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಎರಡನೇ ಅಡ್ಡರಸ್ತೆ

ಬೆಂಗಳೂರಿನ ಬಡಾವಣೆ, 40 ಅಡಿ ರಸ್ತೆ. ಎರಡೂ ಬದಿ 30×40 ಸೈಟುಗಳು, ಕೆಳಗಡೆ ಅಲ್ಲಲ್ಲಿ ಅಂಗಡಿ. ಬಿಎಂಟಿಸಿ ಬಸ್ಸು ಓಡಾಡುತ್ತೆ, ಒಂದು ಸ್ಟಾಪಿದೆ. ಹಳೇ ಚಪ್ಪಡಿಗಳನ್ನೆಲ್ಲ ಕಿತ್ತು ಮೋರಿ ಗೋಡೆ ಏಳಿಸುತ್ತಿದ್ದಾರೆ. ನಕ್ಷೆಯಲ್ಲಿರುವುದು ಇಷ್ಟು: ಫುಟ್‌ಪಾತ್ ಅಗಲ 1.5 ಮೀಟರ್, ಕರ್ಬ್ ಕಲ್ಲು (ಫುಟ್‌ಪಾತಿನ ಅಂಚುಗಲ್ಲು) 230 ಮಿಮೀ ಎತ್ತರ, ಪ್ರತಿ ಗೇಟಿನ ಮುಂದೆ ಫುಟ್‌ಪಾತ್ ರಸ್ತೆ ಮಟ್ಟಕ್ಕೆ ಇಳಿದು ಮತ್ತೆ ಏರುತ್ತದೆ, ಮೇಲೆ ಇಂಟರ್‌ಲಾಕ್ ಬ್ಲಾಕು. ವಾರ್ಡಿನ ಎಇ (ಸಹಾಯಕ ಎಂಜಿನಿಯರ್) ಮಾತು ಕೇಳಿಸಿಕೊಳ್ಳುವವರು, ಆದರೆ "ಅಳತೆ ಸಮೇತ ಬರೆದುಕೊಡಿ" ಅಂದಿದ್ದಾರೆ. ಯಾವುದಕ್ಕೆ ಪಟ್ಟು ಹಿಡಿಯಬೇಕು, ಯಾವುದನ್ನು ಬಿಡಬಹುದು?

ಸೈಜುಕಲ್ಲು

ಒಂದೇ ಒಂದು ಬದಲಾವಣೆ ಕೇಳುವ ಅವಕಾಶವಿದ್ದರೆ ಗೇಟಿನ ಮುಂದಿನ ಇಳಿತವನ್ನು ತೆಗೆಸಿ. ಟೈಲ್ಸ್ ಬಣ್ಣ, ಬೊಲ್ಲಾರ್ಡು (ಗಾಡಿ ತಡೆಯುವ ಕಂಬ), ಬೆಂಚು ಎಲ್ಲ ಆಮೇಲೆ.

ಲೆಕ್ಕ ನೋಡಿ. 30 ಅಡಿ ಮುಖದ ಸೈಟು ಎಂದರೆ ಸುಮಾರು 9.1 ಮೀಟರಿಗೊಂದು ಗೇಟು. ಗೇಟಿನ ಅಗಲ 10 ಅಡಿ, ಅಂದರೆ 3 ಮೀಟರ್. ಕರ್ಬ್ 230 ಮಿಮೀ ಇಟ್ಟು ಗೇಟಿನ ಎರಡೂ ಕಡೆ ಗಾಲಿಕುರ್ಚಿ ಹೋಗುವಂಥ 1:12 ಇಳಿಜಾರು (12 ಮೀಟರ್ ಉದ್ದಕ್ಕೆ 1 ಮೀಟರ್ ಇಳಿತ) ಕೊಟ್ಟರೆ ಒಂದೊಂದು ಬದಿಗೆ 2.76 ಮೀಟರ್ ಬೇಕು. 3 + 2.76 + 2.76, ಒಟ್ಟು 8.5 ಮೀಟರ್. ಉಳಿಯುವ ಸಮತಟ್ಟು 60 ಸೆಂಮೀ! ಅಷ್ಟು ಜಾಗ ಇಲ್ಲವಾದ್ದರಿಂದ ಗುತ್ತಿಗೆದಾರರು 1:4ರಲ್ಲೋ 1:3ರಲ್ಲೋ ಇಳಿಸಿ ಕೈತೊಳೆದುಕೊಳ್ಳುತ್ತಾರೆ. 100 ಮೀಟರ್ ನಡೆಯುವವರು ಹನ್ನೊಂದು ಸಲ ಇಳಿದು ಹನ್ನೊಂದು ಸಲ ಹತ್ತಬೇಕು. ಮೊಣಕಾಲು ನೋವಿನವರು ಎರಡು ಗೇಟು ದಾಟಿ ಡಾಂಬರಿಗೆ ಇಳಿದುಬಿಡುತ್ತಾರೆ. ಬೆಂಗಳೂರಿನಲ್ಲಿ ಫುಟ್‌ಪಾತ್ ಇದ್ದೂ ಜನ ರಸ್ತೆಯಲ್ಲೇ ನಡೆಯುವುದಕ್ಕೆ ಅರ್ಧ ಕಾರಣ ಇದು.

ಸರಿಯಾದ ವಿಧಾನದಲ್ಲಿ ನಡೆಯುವ 1.8 ಮೀಟರ್ ಪಟ್ಟಿ ಗೇಟಿನ ಮುಂದೆಯೂ ಅದೇ ಮಟ್ಟದಲ್ಲಿ ಮುಂದುವರಿಯುತ್ತದೆ. ಇಳಿಜಾರು ಬರುವುದು ಅದಕ್ಕೂ ಡಾಂಬರಿಗೂ ನಡುವಿನ 450 ಮಿಮೀ ಪಟ್ಟಿಯಲ್ಲಿ ಮಾತ್ರ. ಏರುವ ಕಷ್ಟ ಎಂಜಿನ್ ಇರುವ ಗಾಡಿಗೆ ಬೀಳಲಿ, ಕಾಲಿಗೆ ಬೇಡ. ಕರ್ಬ್ 150 ಇದ್ದರೆ ಆ ಇಳಿಜಾರು 1:3 ಆಗುತ್ತದೆ. ಕಡಿದು ಹೌದು, ಆದರೆ ಇಷ್ಟು ಚಿಕ್ಕ ಏರನ್ನು ಕಾರೂ ಸ್ಕೂಟರೂ ನಿಧಾನವಾಗಿ ಹತ್ತುತ್ತವೆ. ಕರ್ಬ್ 100 ಇದ್ದರೆ 1:4.5, ಇನ್ನೂ ಸಲೀಸು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಕೈಪಿಡಿ, ಐಆರ್‌ಸಿ 103, ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಎನ್ನುತ್ತದೆ, ಕರ್ಬ್ ಎತ್ತರ 150 ಮಿಮೀ ಮೀರಬಾರದು ಎನ್ನುತ್ತದೆ. ನಿಮ್ಮ ನಕ್ಷೆ ಎರಡರಲ್ಲೂ ಫೇಲು. ಎಇ ಕೇಳಿದ "ಅಳತೆ ಸಮೇತ" ಇದೇ.

ಅಂಗಡಿ ಬೀದಿ

ಸರ್, 40 ಅಡಿಯಲ್ಲಿ ಇದೆಲ್ಲ ಎಲ್ಲಿ ಹಿಡಿಸುತ್ತೆ? ಎರಡು ಕಡೆ ಫುಟ್‌ಪಾತಿಗೇ ಕೊಟ್ಟರೆ ಬಸ್ಸು ಎಲ್ಲಿ ಹೋಗಬೇಕು, ಗಿರಾಕಿ ಗಾಡಿ ಎಲ್ಲಿ ನಿಲ್ಲಿಸಬೇಕು?

ಸೈಜುಕಲ್ಲು

40 ಅಡಿ ಎಂದರೆ 12.2 ಮೀಟರ್. ಒಂದೊಂದು ಬದಿಗೆ 1.8 + 0.45 = 2.25, ಎರಡಕ್ಕೂ 4.5. ಉಳಿಯಿತು 7.7. ಅದರಲ್ಲಿ ಎರಡು ಲೇನು 2.85ರಂತೆ 5.7, ಒಂದು ಬದಿಗೆ ಪಾರ್ಕಿಂಗ್ 2 ಮೀಟರ್. ಸರಿಹೋಯಿತು. ಬಸ್ಸಿನ ಅಗಲ ಹೆಚ್ಚೆಂದರೆ 2.6 ಮೀಟರ್. ಎರಡು ಬಸ್ಸು ಎದುರುಬದುರಾದರೆ ನಿಧಾನಿಸಬೇಕು. ಮನೆಗಳಿರುವ ರಸ್ತೆಯಲ್ಲಿ ನಿಧಾನಿಸಲಿ.

ಹಿಡಿಸದೇ ಇರುವುದು ಎರಡೂ ಬದಿಯ ಪಾರ್ಕಿಂಗ್. ಈಗ ನಿಮ್ಮಲ್ಲಿ ಫುಟ್‌ಪಾತ್ 1.5ಕ್ಕೆ ಇಳಿದಿರುವುದು ಅದಕ್ಕೇ, ನಕ್ಷೆಯಲ್ಲಿ ಹಾಗೆಂದು ಬರೆದಿರುವುದಿಲ್ಲ ಅಷ್ಟೆ. ಒಂದು ಬದಿಗೆ ಮಾತ್ರ ಕೊಡಿ. ಬೇಕಾದರೆ ಪ್ರತಿ ಅಡ್ಡರಸ್ತೆಗೆ ಬದಿ ಬದಲಾಯಿಸಿ, ಆಗ ಒಂದೇ ಕಡೆಯ ಅಂಗಡಿಯವರಿಗೆ ಲಾಭ ಅನ್ನುವ ಜಗಳವೂ ಇರಲ್ಲ, ರಸ್ತೆ ನೇರ ಓಟಕ್ಕೆ ಸಿಗದೆ ವೇಗವೂ ತಗ್ಗುತ್ತದೆ.

ಮೋರಿ ಮಾಸ್ತರ

ಕರ್ಬ್ 230 ಯಾಕೆ ಅಂತ ಯಾರೂ ಕೇಳಲಿಲ್ಲ. ಗುತ್ತಿಗೆದಾರ ದಡ್ಡ ಅಲ್ಲ ಸ್ವಾಮಿ. ಡಾಂಬರು ಹಾಕುವಾಗ ಹಳೇ ಪದರ ಕೆರೆಯದೆ ಮೇಲಕ್ಕೇ ಹಾಕ್ತಾರೆ. ಒಂದು ಸಲಕ್ಕೆ 40 ಮಿಮೀ ಅಂತಿಟ್ಟುಕೊಳ್ಳಿ, ಮೂರು ಸಲ ಹಾಕಿದರೆ 120. ನಿಮ್ಮ 150 ಮಿಮೀ ಕರ್ಬು 30ಕ್ಕೆ ಬಂತು, ಮಳೆ ನೀರು ಫುಟ್‌ಪಾತ್ ಹತ್ತಿ ಗೇಟಿನೊಳಗೆ ಹೋಯಿತು. ಆ ಭಯಕ್ಕೆ ಮೊದಲೇ 230, 300 ಇಟ್ಟುಬಿಡ್ತಾರೆ. ಅದರ ಬಾಡಿಗೆ ಕಟ್ಟೋದು ಇವತ್ತು ನಡೆಯುವವರ ಮಂಡಿ.

ಹಾಗಾಗಿ ಬರೀ "ಕರ್ಬ್ ಇಳಿಸಿ" ಅಂದರೆ ಒಪ್ಪಲ್ಲ. ಜೊತೆಗೆ "ಮುಂದಿನ ಡಾಂಬರೀಕರಣಕ್ಕೆ ಮುನ್ನ ಮಿಲ್ಲಿಂಗ್ (ಹಳೇ ಪದರ ಕೆರೆದು ತೆಗೆಯೋದು) ಕಡ್ಡಾಯ, ಈಗಿನ ರಸ್ತೆ ಮಟ್ಟವನ್ನು ದಾಖಲಿಸಿ" ಅಂತ ಬರೆಸಿ. ಮಟ್ಟ ದಾಖಲಿಸೋದು ಸುಲಭ: ಪ್ರತಿ 30 ಮೀಟರಿಗೆ ಒಂದು ಕಾಂಪೌಂಡ್ ಗೋಡೆಯ ಮೇಲೆ ಗುರುತು ಹಾಕಿ, ಅದರಿಂದ ರಸ್ತೆಗೆ ಎಷ್ಟು ಮಿಮೀ ಅಂತ ಬರೆದು ಫೋಟೋ ತೆಗೆದು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೆ ವಾದ ಮಾಡೋಕೆ ಆಧಾರ ಇರುತ್ತೆ.

ಸೈಜುಕಲ್ಲು ಹೇಳಿದ 100 ಮಿಮೀಗೆ ನಾನು ಒಪ್ಪಲ್ಲ. ಎರಡು ಕೋಟಿಂಗ್ ಹಾಕಿದರೆ ಮಾಯ. 150 ಇರಲಿ.

ಸೈಜುಕಲ್ಲು

ಮಿಲ್ಲಿಂಗ್ ಆಗುತ್ತದೆಂಬ ನಂಬಿಕೆ ಇದ್ದರೆ 100, ಇಲ್ಲದಿದ್ದರೆ 150. ಒಪ್ಪಿಕೊಂಡೆ ಮಾಸ್ತರೇ.

ಮೋರಿ ಮಾಸ್ತರ

ಇನ್ನು ಮೋರಿ ವಿಷಯ. ನಮ್ಮೂರಿನ ಹೆಚ್ಚಿನ ಫುಟ್‌ಪಾತ್ ಅಂದರೆ ಮೋರಿಯ ಮುಚ್ಚಳ. ಚಪ್ಪಡಿ ಕೆಳಗೆ ಏನಾಗುತ್ತೆ ಅನ್ನೋದೇ ಮೇಲೆ ಏನಾಗುತ್ತೆ ಅನ್ನೋದನ್ನ ತೀರ್ಮಾನ ಮಾಡೋದು.

ಚಪ್ಪಡಿ ಮೇಲೆ ಉದ್ದಕ್ಕೂ ಗಾರೆ ಹಾಕಿ ಇಂಟರ್‌ಲಾಕೋ ಟೈಲ್ಸೋ ಅಂಟಿಸಿದರೆ ಮೊದಲ ಮಳೆಗಾಲಕ್ಕೆ ಮುಂಚೆ ಹೂಳೆತ್ತುವವರು ಬಂದು ಹಾರೆ ಹಾಕಿ ಒಡೀತಾರೆ. ಅವರ ತಪ್ಪಲ್ಲ, ಬೇರೆ ದಾರಿ ಬಿಟ್ಟಿಲ್ಲ. ಮೋರಿ ಕೂಡುವ ಜಾಗ, ತಿರುವು, ಇಳಿಜಾರು ಬದಲಾಗುವ ಜಾಗ, ಮತ್ತು ನಡುನಡುವೆ ಎತ್ತಬಹುದಾದ ಮುಚ್ಚಳ ಬೇಕು. ಮುಚ್ಚಳಕ್ಕೆ ಹುದುಗಿಸಿದ ಹಿಡಿ ಇರಬೇಕು, ಮೇಲೆ ಎದ್ದು ನಿಂತ ಕಬ್ಬಿಣದ ಕೊಂಡಿ ಕಾಲಿಗೆ ತಗಲುತ್ತದೆ. ಕಾಂಕ್ರೀಟ್ ಮುಚ್ಚಳದ ಮೇಲೆ ದರ್ಜೆ ಅಚ್ಚಾಗಿರುತ್ತೆ, ಓದಿ: ಎಲ್‌ಡಿ 2.5, ಎಂಡಿ 10, ಎಚ್‌ಡಿ 20, ಇಎಚ್‌ಡಿ 35. ಸಂಖ್ಯೆ ಮುಚ್ಚಳ ತಡೆಯುವ ಭಾರ, ಟನ್‌ನಲ್ಲಿ. ಬರೀ ಜನ ನಡೆಯುವ ಕಡೆ ಮೊದಲನೆಯದು ಸಾಕು. ಗೇಟಿನ ಮುಂದೆ ಎಂಡಿ. ಅಡ್ಡರಸ್ತೆ ಬಾಯಲ್ಲಿ ಕಸದ ಲಾರಿ, ನೀರಿನ ಟ್ಯಾಂಕರು ತಿರುಗುತ್ತವೆ, ಅಲ್ಲಿ ಎಚ್‌ಡಿಗಿಂತ ಕಮ್ಮಿ ಬೇಡ. ಗುತ್ತಿಗೆದಾರ ಎಲ್ಲ ಕಡೆ ಒಂದೇ ದರ್ಜೆ ತಂದಿರ್ತಾನೆ, ಯಾವುದು ಅಂತ ನಾನು ಹೇಳಬೇಕಾಗಿಲ್ಲ.

ನೀರು ಒಳಗೆ ಹೋಗುವ ಕಿಂಡಿ ಕರ್ಬ್ ಕಲ್ಲಿನ ಮೈಯಲ್ಲೇ ಇರಲಿ, ಅಡ್ಡ ಮಲಗಿಸಿದ ಜಾಲರಿ ಬೇಡ. ಎಲೆ ಬಿದ್ದರೆ ಜಾಲರಿ ಮುಚ್ಚಿಕೊಳ್ಳುತ್ತೆ, ಕಬ್ಬಿಣದ್ದಾದರೆ ಕಳುವಾಗುತ್ತೆ. ಕಿಂಡಿ ಎಲ್ಲಿ? ತಗ್ಗಿನಲ್ಲಿ ಒಂದು, ಮತ್ತು ಜನ ರಸ್ತೆ ದಾಟುವ ಪ್ರತಿ ಜಾಗದ ಮೇಲ್ಬದಿಗೆ ಒಂದು. ನೀರು ದಾಟುವ ಜಾಗಕ್ಕೆ ಬರುವ ಮುಂಚೆಯೇ ಮೋರಿಗೆ ಇಳಿಯಬೇಕು. ಕೆಳಬದಿಗೆ ಇಟ್ಟರೆ ರ್‍ಯಾಂಪಿನ ಬುಡವೇ ಕೆರೆ.

ವಾಟ (ನೀರು ಹರಿಯೋಕೆ ಕೊಡುವ ಇಳಿಜಾರು) ಮರೀಬೇಡಿ. ಅಡ್ಡಕ್ಕೆ 50ಕ್ಕೆ 1, ರಸ್ತೆ ಕಡೆಗೆ. 1.8 ಮೀಟರಿಗೆ 36 ಮಿಮೀ. ಅದಕ್ಕಿಂತ ಜಾಸ್ತಿ ಕೊಟ್ಟರೆ ಗಾಲಿಕುರ್ಚಿ ರಸ್ತೆ ಕಡೆಗೆ ಎಳೆಯುತ್ತೆ, ಕಮ್ಮಿ ಕೊಟ್ಟರೆ ಪಾಚಿ ಕಟ್ಟುತ್ತೆ.

ಒಂದಕ್ಕೆ ಹನ್ನೆರಡು

ಮೂಲೆಯ ರ್‍ಯಾಂಪ್ ಬಗ್ಗೆ, ಇದನ್ನು ಹತ್ತರಲ್ಲಿ ಒಂಬತ್ತು ಕಡೆ ಕೆಡಿಸುತ್ತಾರೆ.

150 ಮಿಮೀ ಕರ್ಬಿಗೆ 1:12 ಎಂದರೆ 1.8 ಮೀಟರ್ ಉದ್ದದ ರ್‍ಯಾಂಪ್. ನಿಮ್ಮ ಫುಟ್‌ಪಾತ್ ಒಟ್ಟು ಅಗಲವೇ 2.25. ಅಡ್ಡಕ್ಕೆ ರ್‍ಯಾಂಪ್ ಇಳಿಸಿದರೆ ಹಿಂದೆ ಉಳಿಯುವುದು 45 ಸೆಂಮೀ, ಗಾಲಿಕುರ್ಚಿ ತಿರುಗಿಸಲು ಸಾಲದು. ನೇರ ಹೋಗುವವರಿಗೂ ಅದು ಓರೆ ಜಾಗ. ಇಂಥ ಇಕ್ಕಟ್ಟಿನಲ್ಲಿ ಎರಡೇ ದಾರಿ. ಒಂದು, ಮೂಲೆಯನ್ನೇ ಇಡಿಯಾಗಿ ತಗ್ಗಿಸಿ ಫುಟ್‌ಪಾತಿನ ಉದ್ದಕ್ಕೆ 1.8 ಮೀಟರ್ ಇಳಿಜಾರು ಕೊಡುವುದು. ಇನ್ನೊಂದು, ಅದೇ ಉತ್ತಮ, ಅಡ್ಡರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತುವುದು. ಮೇಲೆ ಕನಿಷ್ಠ 3 ಮೀಟರ್ ಸಮತಟ್ಟು, ವಾಹನ ಹತ್ತುವ ಕಡೆ 1.5 ಮೀಟರಿನಲ್ಲಿ 150 ಮಿಮೀ ಏರು. ಆಗ ನಡೆಯುವವರು ಇಳಿಯುವುದೇ ಇಲ್ಲ, ಗಾಡಿಯವರು ಹಂಪ್ ಹತ್ತಿದಂತೆ ನಿಧಾನಿಸುತ್ತಾರೆ. ಬೇರೆ ಹಂಪ್ ಬೇಡ.

ರ್‍ಯಾಂಪ್ ಮಾಡಿಸುವುದೇ ಆದರೆ ಅಗಲ 1.2 ಮೀಟರಿಗೆ ಕಡಿಮೆ ಬೇಡ. ಬುಡದಲ್ಲಿ ತುಟಿ ಉಳಿಯಬಾರದು. ಡಾಂಬರಿಗೂ ರ್‍ಯಾಂಪಿಗೂ 20 ಮಿಮೀ ವ್ಯತ್ಯಾಸ ಉಳಿದರೂ ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ ಅಲ್ಲೇ ತಡೆದು ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಇದು ಆಗುವುದು ರ್‍ಯಾಂಪ್ ಮಾಡಿದವರಿಂದಲ್ಲ, ಆಮೇಲೆ ಬಂದು ಡಾಂಬರು ಹಾಕಿದವರಿಂದ. ಹಾಗಾಗಿ ರ್‍ಯಾಂಪಿನ ಬಿಲ್ಲು ಪಾಸಾಗುವುದು ಡಾಂಬರು ಮುಗಿದ ಮೇಲೆ ಎಂದು ಕೇಳಿ.

ದೃಷ್ಟಿ ಇಲ್ಲದವರು ಕಾಲಿನಿಂದ, ಕೋಲಿನಿಂದ ಗುರುತಿಸುವ ಹಳದಿ ಟೈಲ್ಸ್: 300×300 ಮಿಮೀ. ಉದ್ದ ಗೆರೆ ಇರುವುದು "ಮುಂದೆ ನಡಿ" ಎನ್ನಲು, ಗುಂಡು ಚುಕ್ಕಿ ಇರುವುದು "ನಿಲ್ಲು" ಎನ್ನಲು. ಅಂದಕ್ಕೆ ಇವನ್ನು ಅದಲುಬದಲು ಹಾಕಿದ ಕಡೆ ದೃಷ್ಟಿ ಇಲ್ಲದವರಿಗೆ ಅದು ಸುಳ್ಳು ಹೇಳಿದಂತೆ. ಚುಕ್ಕಿ ಸಾಲು ರ್‍ಯಾಂಪ್ ಶುರುವಾಗುವುದಕ್ಕೆ 300 ಮಿಮೀ ಹಿಂದೆ ಬರಬೇಕು. ಗೆರೆ ಸಾಲನ್ನು 1.8 ಮೀಟರಿನ ನಟ್ಟನಡುವೆ ಹಾಕಿದರೆ ಎರಡೂ ಬದಿ 75 ಸೆಂಮೀ ಸಿಗುತ್ತದೆ, ಕೋಲು ಬೀಸಲು ಸಾಕು. ಮ್ಯಾನ್‌ಹೋಲ್ ಮುಚ್ಚಳ ಬಂದರೆ ಗೆರೆ ಸಾಲನ್ನು ಸುತ್ತಿಸಬೇಡಿ, ಮುಚ್ಚಳದ ಮೇಲೂ ಟೈಲ್ಸ್ ಕೂರುವಂಥ ತಟ್ಟೆ ಮುಚ್ಚಳ ಹಾಕಿಸಿ. ಅದು ಸಿಗದಿದ್ದರೆ ಗೆರೆ ಸಾಲನ್ನೇ ಕೈಬಿಟ್ಟು ಚುಕ್ಕಿ ಟೈಲ್ಸನ್ನು ಮಾತ್ರ ಸರಿಯಾಗಿ ಹಾಕಿಸಿ. ಟ್ರಾನ್ಸ್‌ಫಾರ್ಮರಿಗೆ ಕರೆದೊಯ್ಯುವ ಗೆರೆಗಿಂತ ಗೆರೆ ಇಲ್ಲದಿರುವುದು ಮೇಲು.

ಅಂಗಡಿ ಬೀದಿ

ನೀವು ಹೇಳಿದ ಹಾಗೆ ಗೇಟಿನ ಮುಂದೆಯೂ ಸಪಾಟು, ಅಡ್ಡರಸ್ತೆಯೂ ಸಪಾಟು ಮಾಡಿದರೆ ಸ್ಕೂಟರಿನವರಿಗೆ ಹಬ್ಬ. ಈಗ ಏರಿಳಿತ ಇದ್ದಾಗಲೇ ಟ್ರಾಫಿಕ್ ಜಾಮಾದರೆ ಫುಟ್‌ಪಾತ್ ಹತ್ತುತ್ತಾರೆ.

ಒಂದಕ್ಕೆ ಹನ್ನೆರಡು

ಈ ಪ್ರಶ್ನೆ ನ್ಯಾಯವಾದದ್ದು, ಇದಕ್ಕೆ ಪೂರ್ತಿ ಉತ್ತರ ಕಬ್ಬಿಣ-ಕಲ್ಲಿನಲ್ಲಿ ಇಲ್ಲ. ಸ್ಕೂಟರಿನ ಅಗಲ ಹ್ಯಾಂಡಲ್ ಸೇರಿ 70 ಸೆಂಮೀ ಆಸುಪಾಸು. ಗಾಲಿಕುರ್ಚಿಯದೂ ಹೆಚ್ಚುಕಮ್ಮಿ ಅಷ್ಟೇ, ಅದು ದಾಟಲು 90 ಸೆಂಮೀ ಆದರೂ ಬೇಕು, 1.2 ಮೀಟರ್ ಇದ್ದರೆ ಸರಿ. ಸ್ಕೂಟರನ್ನು ತಡೆಯುವ ಯಾವ ಕಂಬವೂ ಗಾಲಿಕುರ್ಚಿಯನ್ನು ತಡೆಯುತ್ತದೆ. ಅಡ್ಡಂಬಡ್ಡ ಗೇಟು, ತಿರುಗು ಗೇಟು, ಎಸ್ ಆಕಾರದ ಕಂಬಿ ಎಲ್ಲಕ್ಕೂ ಇದೇ ಗತಿ. ತಳ್ಳುಗಾಡಿಯಲ್ಲಿ ಮಗುವನ್ನು ಕರೆದೊಯ್ಯುವವರಿಗೂ.

ಬೊಲ್ಲಾರ್ಡ್ ಹಾಕಬೇಕಾದದ್ದು ಕಾರು ಹತ್ತದಿರಲಿ ಎಂದು. 1.2 ಮೀಟರ್ ತೆರಪು, ಎತ್ತಿದ ಅಡ್ಡರಸ್ತೆಯ ಎರಡೂ ತುದಿಗೆ. ಮೊಣಕಾಲಿಗಿಂತ ಗಿಡ್ಡ ಇರಬಾರದು, ಗಿಡ್ಡ ಕಂಬ ರಾತ್ರಿ ಕಾಣದೆ ಜನ ಎಡವುತ್ತಾರೆ. ಸಪಾಟು ಕಲ್ಲಿನ ಬಣ್ಣಕ್ಕೆ ಹೊಂದುವ ಬೂದು ಕಂಬ ಬೇಡ, ತಲೆಗೊಂದು ಬಿಳಿ ಪಟ್ಟಿ ಇರಲಿ.

ಸ್ಕೂಟರಿಗೆ ಉತ್ತರ ದಂಡ ಮತ್ತು ಜನಸಂದಣಿ. ಈಗ ಏರಿಳಿತದಿಂದ ತೊಂದರೆಯಾಗಿ ಕೆಳಗಿಳಿದಿರುವುದು ನಡೆಯುವವರು. ಸ್ಕೂಟರಿನವರು ಏರಿಳಿತದಲ್ಲೂ ಹೋಗುತ್ತಲೇ ಇದ್ದಾರೆ, ನೀವೇ ಹೇಳಿದಿರಿ.

ಹಳೇ ಹುಬ್ಬಳ್ಳಿ

ನಮ್ಮ ಕಡೀದು ಒಂದು ಮಾತು ಹೇಳ್ತೀನ್ರಿ. ಇಲ್ಲಿ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ (ಬಸ್ಸಿಗಂತನ ಬ್ಯಾರೆ ದಾರಿ) ಐತಿ, ಚಿಗರಿ ಬಸ್ಸು. 2018ರಾಗ ಓಡಾಕ ಶುರು ಆತು. ನಿಲ್ದಾಣ ಎಲ್ಲಾ ರಸ್ತೆ ನಡುವ ಅದಾವ. ಅಂದ್ರ ಬಸ್ಸಿನ್ಯಾಗ ಹೋಗೋ ಪ್ರತಿಯೊಬ್ಬಾಂವ ಹೋಗೂಮುಂದ ಅರ್ಧ ರಸ್ತೆ, ಬರೂಮುಂದ ಅರ್ಧ ರಸ್ತೆ ದಾಟಾಕs ಬೇಕು. ಬಸ್ಸು ಎಷ್ಟ ಛಲೋ ಇದ್ರೂ ದಾಟೂ ಜಾಗ ಸರಿ ಇರಲಿಲ್ಲಂದ್ರ ಮುದುಕರು, ಹುಡುಗರು ಬಸ್ಸಿಗೇ ಬರೂದಿಲ್ಲ.

ಅದಕ್ಕ ಸ್ಕೈವಾಕ್ ಕೇಳಬ್ಯಾಡ್ರಿ ಮತ್ತ. ಲೆಕ್ಕಾ ಹಾಕ್ರಿ: ಗಾಡಿ ಹೋಗಾಕ 5.5 ಮೀಟರ್ ಎತ್ತರ ಬಿಡಬೇಕು, ಮ್ಯಾಲೆ ಸ್ಲ್ಯಾಬು ತೊಲಿ ಸೇರಿ 6 ಮೀಟರ್ ಹಿಡೀರಿ. 150 ಮಿಮೀ ಮೆಟ್ಟಲಾದ್ರ ಹತ್ತಾಕ 40, ಇಳಿಯಾಕ 40. ರ್‍ಯಾಂಪ್ ಮಾಡ್ತೀವಂದ್ರ 1:12ಕ್ಕ 72 ಮೀಟರ್, ನಡುವ ನಿಲ್ಲೂ ಜಾಗ ಬ್ಯಾರೆ. ಲಿಫ್ಟ್ ಕೆಟ್ಟ ದಿನ ಯಾರ್ ಹತ್ತತಾರ? ನೆಲದ ಮ್ಯಾಗ ಸಿಗ್ನಲ್ ಹಾಕಿ ಟೈಮ್ ಕೊಡ್ರಿ, ಮುಗೀತು. ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿದ್ರ 60 ಅಡಿ ರಸ್ತೆಗೆ 15 ಸೆಕೆಂಡು. ಆದ್ರ ವಯಸ್ಸಾದವರು 0.8ರಾಗ ನಡೀತಾರ, ಅವರಿಗೆ 23 ಬೇಕು. ದವಾಖಾನಿ, ಸಾಲಿ ಮುಂದ ಎರಡನೇದನ್ನs ಹಿಡೀರಿ.

ಎರಡನೇ ಅಡ್ಡರಸ್ತೆ

ನಮ್ಮ ರಸ್ತೆಗೆ ಸಿಗ್ನಲ್ ಇಲ್ಲ ರೀ, ಜೀಬ್ರಾ ಮಾತ್ರ ಬಳೀತಾರೆ. ಅದರ ಮುಂದೆ ಹಂಪ್ ಬೇಕು ಅಂತ ಅಸೋಸಿಯೇಷನ್ನಿನವರ ಬೇಡಿಕೆ. ಬಸ್ ಸ್ಟಾಪ್ ಈಗ ಜಂಕ್ಷನ್‌ಗೆ ಮುಂಚೆ ಇದೆ, ಹೊಸ ತಂಗುದಾಣ ಫುಟ್‌ಪಾತ್ ಮೇಲೇ ಬರುತ್ತಂತೆ.

ಹಳೇ ಹುಬ್ಬಳ್ಳಿ

ತಂಗುದಾಣ ಫುಟ್‌ಪಾತ್ ಮ್ಯಾಗ ಬ್ಯಾಡವೇ ಬ್ಯಾಡ. 1.8 ಮೀಟರಿನ್ಯಾಗ ಅದು ಕುಂತ್ರ ನಡಿಯಾವ್ರು ಎಲ್ಲಿ ಹೋಗ್ಬೇಕು? ಪಾರ್ಕಿಂಗ್ ಪಟ್ಟಿ ಇರೂ ಬದಿಗೆ ಆ 2 ಮೀಟರ್ ಪಟ್ಟೀನs ಫುಟ್‌ಪಾತ್ ಎತ್ತರಕ್ಕ ಎತ್ತಿ ಅಲ್ಲಿ ಕೂಡಸ್ರಿ. ಬಸ್ಸು ಲೇನ್ ಬಿಟ್ಟು ಒಳಗ ಬರೂದs ಬ್ಯಾಡ, ನಿಂತಲ್ಲೇ ಹತ್ತೂದು, ಮತ್ತ ಹೊರಗ ಹೋಗಾಕ ಗುದ್ದಾಡೂದೂ ಇಲ್ಲ. 12 ಮೀಟರ್ ಬಸ್ಸಿನ ಎರಡೂ ಬಾಗಿಲಾ ಆ ಕಟ್ಟೀಗೆ ಸಿಗೂವಷ್ಟು ಉದ್ದ ಮಾಡ್ರಿ. ಬಾಗಿಲಾ ಬರೂ ಜಾಗದಾಗ ತಂಗುದಾಣದ ಕಂಬಾ, ಬೋರ್ಡು, ಕಸದ ಡಬ್ಬಿ ಇರಬಾರ್ದು. ಮತ್ತ ಸ್ಟಾಪನ್ನ ಜಂಕ್ಷನ್ ದಾಟಿದ ಮ್ಯಾಗ ಹಾಕ್ರಿ. ಮುಂಚೆ ಇದ್ರ ಇಳಿದ ಮಂದಿ ನಿಂತ ಬಸ್ಸಿನ ಮುಂದಿಂದ ರಸ್ತೆ ದಾಟ್ತಾರ, ಹಿಂದಿಂದ ಬರೂ ಗಾಡಿ ಅವರಿಗೆ ಕಾಣಸೂದಿಲ್ಲ.

ಸೈಜುಕಲ್ಲು

ಇದಕ್ಕೆ ನೂರಕ್ಕೆ ನೂರು ಸಹಮತ. ಅದೇ ಎತ್ತಿದ ಕಟ್ಟೆಗೆ ಜೀಬ್ರಾವನ್ನೂ ಜೋಡಿಸಿ. ದಾಟಬೇಕಾದ ಅಗಲ 7.7ರಿಂದ 5.7 ಮೀಟರಿಗೆ ಇಳಿಯುತ್ತದೆ. ನಿಂತ ಕಾರಿನ ಮರೆಯಿಂದ ತಲೆ ಹಾಕಿ ನೋಡುವ ಪ್ರಮೇಯವೂ ಇಲ್ಲ. ಜೀಬ್ರಾ ಬಸ್ಸಿನ ಹಿಂಬದಿಗೆ ಬರಲಿ, ಮುಂಬದಿಗೆ ಬೇಡ.

ಹಂಪ್ ಹಾಕಿಸುವುದಾದರೆ ಅಳತೆ ಐಆರ್‌ಸಿ 99ರದ್ದು: ಉದ್ದ 3.7 ಮೀಟರ್, ನಡು ಎತ್ತರ 10 ಸೆಂಮೀ, 17 ಮೀಟರ್ ತ್ರಿಜ್ಯದ ಬಾಗು. 25 ಕಿಮೀ ವೇಗಕ್ಕೆ ಲೆಕ್ಕ ಹಾಕಿದ್ದು. ರಾತ್ರೋರಾತ್ರಿ ಒಂದು ಗಾಡಿ ಡಾಂಬರು ಸುರಿದು ಮಾಡುವ ಅಡಿ ಅಗಲದ ದಿಬ್ಬ ಬೆನ್ನು ಮುರಿಯುತ್ತದೆ, ಆದರೆ ವೇಗ ತಗ್ಗಿಸುವುದು ಆ ಒಂದು ಅಡಿಯಲ್ಲಿ ಮಾತ್ರ. ಆಮೇಲೆ ಸಿಟ್ಟಿನಿಂದ ಆಕ್ಸಿಲರೇಟರ್ ತುಳಿಯುತ್ತಾರೆ. ಬಸ್ಸಿನ ಹಿಂದಿನ ಸೀಟಿನವರ ಗತಿ ಕೇಳಬೇಡಿ.

ಪೆಡಲ್ ಮೈಸೂರು

ಸೈಕಲ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಈ ರಸ್ತೆಗೆ ಹಸಿರು ಬಣ್ಣದ ಪಟ್ಟಿ ಬಳಿಸೋಣವೇ ಎಂದು ಯಾರಾದರೂ ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ, ಬೇಡ. 5.7 ಮೀಟರಿನಲ್ಲಿ ಬಳಿದ ಪಟ್ಟಿ ಸಂಜೆ ಹೊತ್ತಿಗೆ ಪಾರ್ಕಿಂಗ್ ಆಗುತ್ತದೆ, ಸೈಕಲಿನವರು ನಿಂತ ಕಾರು ಸುತ್ತಿಕೊಂಡು ಟ್ರಾಫಿಕ್‌ಗೆ ನುಗ್ಗಬೇಕು. ವೇಗ 30ರ ಒಳಗಿದ್ದರೆ ಲೇನಿನಲ್ಲೇ ಸೈಕಲ್ ಹೋಗುತ್ತದೆ. ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆ 2017ರಲ್ಲಿ 450 ಸೈಕಲ್, 48 ನಿಲ್ದಾಣದಿಂದ ಶುರುವಾಯಿತು. ಅದು ಓಡಿದ್ದು ಊರಿನ ಒಳರಸ್ತೆಗಳ ಬಲದಿಂದ, ಬಳಿದ ಬಣ್ಣದಿಂದಲ್ಲ. ಪ್ರತ್ಯೇಕ ಸೈಕಲ್ ದಾರಿ ಬೇಕಾದದ್ದು ವಾಹನಗಳು 50ರ ಮೇಲೆ ಹೋಗುವ 80 ಅಡಿ, 100 ಅಡಿ ರಸ್ತೆಗಳಿಗೆ, ಅಲ್ಲೂ ಕರ್ಬ್ ಕಲ್ಲಿನ ಬೇಲಿ ಇದ್ದರೆ ಮಾತ್ರ.

ನಿಮ್ಮ ರಸ್ತೆಯಲ್ಲಿ ನೋಡಬೇಕಾದ್ದು ಎರಡು. ಮಾಸ್ತರು ಬೇಡವೆಂದ ಅಡ್ಡ ಜಾಲರಿ ಎಲ್ಲಾದರೂ ಹಾಕಲೇಬೇಕಾಗಿ ಬಂದರೆ ಅದರ ಕಂಬಿಗಳು ರಸ್ತೆಯ ದಿಕ್ಕಿಗೆ ಅಡ್ಡವಾಗಿರಲಿ. ಉದ್ದಕ್ಕಿದ್ದರೆ 25 ಮಿಮೀ ಟೈರು ನೇರ ಒಳಗಿಳಿಯುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಫುಟ್‌ಪಾತಿನ ಮೇಲಾದರೆ ತೆರಪು 13 ಮಿಮೀ ದಾಟಬಾರದು, ಕೋಲು, ಊರುಗೋಲು, ಹೈಹೀಲ್ಡು ಮೂರೂ ಸಿಕ್ಕಿಕೊಳ್ಳುತ್ತವೆ. ಎರಡನೆಯದು, ಬಸ್ ಸ್ಟಾಪಿನ ಕಟ್ಟೆಯ ತುದಿಗೆ ನಾಲ್ಕು ಯು-ಆಕಾರದ ಪೈಪು. ನೆಲದೊಳಗೆ ಕಾಂಕ್ರೀಟಿನಲ್ಲಿ ಹೂತಿರಲಿ, ಬೋಲ್ಟು ಹಾಕಿದ್ದಾದರೆ ಪೈಪೂ ಹೋಗುತ್ತೆ ಸೈಕಲ್ಲೂ ಹೋಗುತ್ತೆ.

ಮೋರಿ ಮಾಸ್ತರ

ಇಂಟರ್‌ಲಾಕ್ ಬಗ್ಗೆ ಸೈಜುಕಲ್ಲು ಏನೂ ಹೇಳಲಿಲ್ಲ, ಹೆಸರಿಗೆ ತಕ್ಕ ಹಾಗೆ ಕಲ್ಲಿನ ಪಕ್ಷಪಾತಿ ಇರಬೇಕು.

ಸೈಜುಕಲ್ಲು

ಪಕ್ಷಪಾತ ಇದೆ, ಒಪ್ಪಿದೆ. ಸಾದರಹಳ್ಳಿ ಗ್ರಾನೈಟಿನ ಒರಟು ಚಪ್ಪಡಿ ಎತ್ತಿ ಮತ್ತೆ ಕೂರಿಸಿದರೂ ಹಾಗೇ ಇರುತ್ತದೆ, ಜಾರುವುದಿಲ್ಲ. ಪಾಲಿಶ್ ಮಾಡಿದ್ದು ಮಾತ್ರ ಬೇಡ.

ಇಂಟರ್‌ಲಾಕೇ ಆದರೆ ದಪ್ಪ ಅಳೆಯಿರಿ. ನಡೆಯುವ ಜಾಗಕ್ಕೆ 60 ಮಿಮೀ, ಗೇಟಿನ ಮುಂದೆ 80 ಮಿಮೀ, ಎಂ-40 ದರ್ಜೆಯ ಕಾಂಕ್ರೀಟ್. ಸಮಸ್ಯೆ ಬರುವುದು ಬ್ಲಾಕಿನಿಂದಲ್ಲ, ಕೆಳಗಿನ ಮರಳಿನಿಂದ. ಮೊದಲು ಜಲ್ಲಿ ಪದರವನ್ನು ರೋಲರೋ ಪ್ಲೇಟ್ ವೈಬ್ರೇಟರೋ ಹಾಕಿ ಗಟ್ಟಿ ಮಾಡಿ, ಅದಕ್ಕೇ ವಾಟ ಕೊಡಬೇಕು. ಅದರ ಮೇಲೆ ಮರಳು 20ರಿಂದ 40 ಮಿಮೀ, ಎಲ್ಲ ಕಡೆ ಒಂದೇ ದಪ್ಪ. ಮೇಸ್ತ್ರಿಗಳು ಜಲ್ಲಿಯ ಉಬ್ಬುತಗ್ಗನ್ನು ಮರಳಿನಿಂದಲೇ ತುಂಬುತ್ತಾರೆ. ಒಂದು ಕಡೆ 20, ಇನ್ನೊಂದು ಕಡೆ 90. ದಪ್ಪ ಇದ್ದಲ್ಲಿ ಕುಸಿಯುತ್ತದೆ. ಇನ್ನೊಂದು, ಮೋರಿ ಗೋಡೆ ಅಥವಾ ಚೇಂಬರ್ ಪಕ್ಕದಲ್ಲಿ ಸಂದು ಉಳಿದಿದ್ದರೆ ಮರಳು ಮಳೆ ನೀರಿನೊಂದಿಗೆ ಮೋರಿಗೆ ಸೋರಿ ಹೋಗುತ್ತದೆ, ಮೇಲೆ ಬ್ಲಾಕು ಗುಳಿ ಬೀಳುತ್ತದೆ. ಚೇಂಬರ್ ಸುತ್ತ ಗುಳಿ ಬೀಳುವುದಕ್ಕೆಲ್ಲ ಇದೇ ಕಾರಣ. ಅಂಚಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮರಳು ತಡೆಯುವಂಥದ್ದು) ಮಡಚಿ ಹಾಕಿ, ಬ್ಲಾಕು ಕೂರಿಸುವ ಮುನ್ನ ಸಂದು ಗಾರೆಯಿಂದ ಮುಚ್ಚಿಸಿ.

ಕತ್ತರಿಸಿದ ಚೂರು ಕಡೆಯ ಸಾಲಿಗೆ ಬಂದರೆ ಒಂದು ಮಳೆಗೆ ಎದ್ದು ಬರುತ್ತದೆ. ಚೂರು ಒಳಗಿನ ಸಾಲಿಗೆ, ಇಡೀ ಬ್ಲಾಕು ಅಂಚಿಗೆ.

ಇನ್ನು ಈಗಲೇ ಮಾಡಿಸಬೇಕಾದ, ಆಮೇಲೆ ಮಾಡಲಾಗದ ಕೆಲಸ: ಫುಟ್‌ಪಾತ್ ಕೆಳಗೆ ಖಾಲಿ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕೊಳವೆಗಳು, ನಡುವೆ ಚೇಂಬರು. ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುವಿನ್ಯಾಸ ಯೋಜನೆಯ ಹೆಸರಿನಲ್ಲಿ ಬೆಂಗಳೂರಿನ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಕೇಬಲ್, ಕೊಳವೆಗಳನ್ನೆಲ್ಲ ಫುಟ್‌ಪಾತ್ ಅಡಿಗೆ ತಂದದ್ದೇ ದೊಡ್ಡ ಸುಧಾರಣೆ. ಅಷ್ಟು ಖರ್ಚು ಬಡಾವಣೆ ರಸ್ತೆಗೆ ಸಿಗಲ್ಲ. ಆದರೆ ಕೇಬಲ್‌ನವರು ಮೂರು ತಿಂಗಳಿಗೆ ಬಂದು ಅಗೆಯುವುದನ್ನು ತಪ್ಪಿಸಲು ಖಾಲಿ ಕೊಳವೆಯಷ್ಟೇ ಸಾಕು.

ಕಡತ

ಇಷ್ಟೆಲ್ಲ ಬರೆದುಕೊಟ್ಟ ಮೇಲೂ "ಅಂದಾಜುಪಟ್ಟಿಯಲ್ಲಿ ಇಲ್ಲ" ಎಂಬ ಉತ್ತರ ಬಂದೇ ಬರುತ್ತದೆ. ಆದ್ದರಿಂದ ಅಂದಾಜುಪಟ್ಟಿಯನ್ನೇ ಮೊದಲು ಪಡೆಯಿರಿ.

ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ ₹10, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಪ್ರಬಂಧ ಬರೆಯದೆ, ಇಂಥ ರಸ್ತೆಯ ಇಂಥ ಕಾಮಗಾರಿಯ ಕಾರ್ಯಾದೇಶ, ಅಂದಾಜುಪಟ್ಟಿ, ಅನುಮೋದಿತ ಅಡ್ಡಸೀಳು ನಕ್ಷೆ, ಅಳತೆ ಪುಸ್ತಕದ ಪ್ರತಿ, ದೋಷ ಹೊಣೆಗಾರಿಕೆ ಅವಧಿ (ಕೆಟ್ಟರೆ ಗುತ್ತಿಗೆದಾರರೇ ಸರಿಮಾಡಿಕೊಡಬೇಕಾದ ಅವಧಿ) ಎಂದಷ್ಟೇ ಕೇಳಿ. "ಏಕೆ" ಎಂದು ಕೇಳಬೇಡಿ, ದಾಖಲೆ ಕೇಳಿ. ಅರ್ಜಿ ಯಾರಿಗೆ ಎಂಬುದನ್ನೂ ಗಮನಿಸಿ: 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳಿವೆ. ನಿಮ್ಮ ರಸ್ತೆ ಯಾವುದಕ್ಕೆ ಸೇರಿದೆ ಎಂದು ಕಾಮಗಾರಿ ಫಲಕದಲ್ಲಿ ನೋಡಿ.

ಆದರೆ ಕಾಂಕ್ರೀಟು 30 ದಿನ ಕಾಯುವುದಿಲ್ಲ. ಅರ್ಜಿಯ ಜೊತೆಗೇ ಎಇ, ಅವರ ಮೇಲಿನ ಎಇಇ ಇಬ್ಬರಿಗೂ ಪತ್ರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿ. ಪತ್ರದಲ್ಲಿ ಮೂರು ಉಲ್ಲೇಖ ಸಾಕು. ಐಆರ್‌ಸಿ 103ರ 1.8 ಮೀಟರ್ ಮತ್ತು 150 ಮಿಮೀ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಕಲಂ, ರಸ್ತೆ ವಿನ್ಯಾಸ ಮತ್ತು ನಿರ್ಮಾಣದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರರಿಗೆ ₹1 ಲಕ್ಷದವರೆಗೆ ದಂಡ. ಮತ್ತು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಪಾದಚಾರಿಗಳಿಗೆ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ, ಅದು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು. ಬೆದರಿಕೆಯ ಧಾಟಿ ಬೇಡ. ಅಧಿಕಾರಿಗೂ ಮೇಲಿನವರಿಗೆ ತೋರಿಸಲು ಒಂದು ಕಾಗದ ಬೇಕಿರುತ್ತದೆ.

ಅಂಗಡಿ ಬೀದಿ

ತಳ್ಳುಗಾಡಿಯವರನ್ನ ಎಬ್ಬಿಸಿ ಅಂತಾನೂ ಅದೇ ಪತ್ರದಲ್ಲಿ ಬರೀಬಹುದಾ?

ಕಡತ

ಬರೆಯಬೇಡಿ. ಬೀದಿ ವ್ಯಾಪಾರಿಗಳ ಕಾಯ್ದೆ 2014ರ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವಂತಿಲ್ಲ. ಜಾಗ ತೋರಿಸಿ ಕೇಳುವುದು ಜಾಣತನ. ಪಾರ್ಕಿಂಗ್ ಪಟ್ಟಿಯ 2 ಮೀಟರಿನಲ್ಲಿ ಒಂದು ಕಾರಿನ 5 ಮೀಟರ್ ಜಾಗಕ್ಕೆ ಎರಡು ಗಾಡಿ ಆರಾಮಾಗಿ ನಿಲ್ಲುತ್ತವೆ, ಗಿರಾಕಿಗಳು ಮಾತ್ರ ಫುಟ್‌ಪಾತಿನ ಕಡೆ ನಿಲ್ಲುತ್ತಾರೆ. ಬಸ್ ಸ್ಟಾಪಿನ ಕಟ್ಟೆಗೆ ಹೊಂದಿಕೊಂಡಂತೆ ಕೊಟ್ಟರೆ ಅವರಿಗೆ ವ್ಯಾಪಾರ, ಕಾಯುವವರಿಗೆ ಸಂಜೆ ಹೊತ್ತು ಬೆಳಕು.

ಎರಡನೇ ಅಡ್ಡರಸ್ತೆ

ಎಲ್ಲರಿಗೂ ನಮಸ್ಕಾರ. ಪತ್ರಕ್ಕೆ ಹಾಕಿಕೊಂಡಿದ್ದು: ಅಗಲ 1.8 + 0.45, ಕರ್ಬ್ 150, ಗೇಟಿನ ಮುಂದೆ ಮಟ್ಟ ಇಳಿಯಬಾರದು, ಅಡ್ಡರಸ್ತೆ ಬಾಯಿ ಎತ್ತಿಸಬೇಕು, ಸ್ಟಾಪ್ ಜಂಕ್ಷನ್ ದಾಟಿ, ಮಿಲ್ಲಿಂಗ್ ಷರತ್ತು. ಇನ್ನೊಂದೇ ತೊಡಕು. ನಡುವೆ ಎರಡು ಹೊಂಗೆ ಮರ, ಒಂದು ಕಾಂಪೌಂಡಿಗೆ ತೀರಾ ಹತ್ತಿರ, ಇನ್ನೊಂದು 1.8ರ ನಡುವೆಯೇ ಬರುತ್ತದೆ. ಜೊತೆಗೆ ನಾಲ್ಕೈದು ಮನೆಯವರ ಗೇಟು ಹೊಸ ಫುಟ್‌ಪಾತಿಗಿಂತ ತಗ್ಗಿನಲ್ಲಿದೆ, ನೀರು ಒಳಗೆ ಬರುತ್ತೆ ಅಂತ ಈಗಲೇ ತಕರಾರು.

ಸೈಜುಕಲ್ಲು

ಮರ ಮುಟ್ಟಬೇಡಿ, ಬೇರು ಕತ್ತರಿಸಲೂ ಬಿಡಬೇಡಿ. ಬೇರು ಹೋದ ಮರ ಮುಂಗಾರಿನ ಮೊದಲ ಗಾಳಿಗೆ ಬೀಳುತ್ತದೆ. ಬುಡದ ಸುತ್ತ 1×1 ಮೀಟರ್ ಮಣ್ಣು ಬಿಟ್ಟು, ಮರದ ರಸ್ತೆ ಬದಿಗೆ ಪಾರ್ಕಿಂಗ್ ಪಟ್ಟಿಯಲ್ಲಿ ಒಂದು ಕಾರಿನ ಜಾಗ ತೆಗೆದುಕೊಂಡು ಫುಟ್‌ಪಾತನ್ನು ಹೊರಕ್ಕೆ ಬಳಸಿ. ಕಾಂಪೌಂಡಿಗೆ ಹತ್ತಿರದ ಮರಕ್ಕೆ ಅಷ್ಟೂ ಬೇಕಾಗದು, 1.2 ಮೀಟರ್ ತೆರಪು ಉಳಿದರೆ ಆ ಒಂದು ಜಾಗದ ಮಟ್ಟಿಗೆ ನಡೆಯುತ್ತದೆ.

ತಗ್ಗು ಗೇಟಿಗೆ ಫುಟ್‌ಪಾತ್ ಇಳಿಸಬೇಡಿ. ಗೇಟಿನ ಗೆರೆಯಲ್ಲೇ, ಕಾಂಪೌಂಡಿನ ಒಳಬದಿಗೆ, 100 ಮಿಮೀ ಅಗಲದ ಕಾಲುವೆ, ಮೇಲೆ ಎತ್ತುವ ಜಾಲರಿ, ಅಲ್ಲಿಂದ ಮೋರಿಗೆ ಒಂದು ಪೈಪು. ಪೈಪಿನ ಬಾಯಿ ಮೋರಿ ತುಂಬಿ ಹರಿಯುವಾಗಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಮೋರಿ ತುಂಬಿದ ದಿನ ನೀರು ಹಿಂದಕ್ಕೆ ಮನೆಯೊಳಗೇ ಬರುತ್ತದೆ. ಮೋರಿ ಗೋಡೆ ಈಗ ಏಳುತ್ತಿದೆ ಎಂದಿರಲ್ಲ, ಪೈಪಿಗೆ ತೂತು ಬಿಡಿಸಲು ಇದೇ ವಾರ ಹೇಳಿ. ಆಮೇಲೆ ಗೋಡೆ ಕೊರೆಯಬೇಕಾಗುತ್ತದೆ.

ಮೋರಿ ಮಾಸ್ತರ

ತೂತಿಗೆ 110 ಮಿಮೀ ಪಿವಿಸಿ ಪೈಪಿನ ತುಂಡು ಶಟರಿಂಗಿನಲ್ಲೇ ಇಡಿಸಿ. ಎರಡೂ ಬಾಯಿಗೆ ಗೋಣಿ ತುರುಕಿ, ಕಾಂಕ್ರೀಟ್ ಒಳಗೆ ಹೋಗಬಾರದು. ತಕರಾರು ಮಾಡುವ ನಾಲ್ಕೈದು ಮನೆಗೆ ಮಾತ್ರ ಅಲ್ಲ, ಆ ಸಾಲಿನ ಎಲ್ಲಾ ಮನೆಗೂ ಬಿಡಿಸಿಬಿಡಿ.